ಹಸಿ ಆರ್ಟಿಚೋಕ್ ಬಿಡಿಸೋದು ಹೇಗೆ? ಎಷ್ಟು ಎಸೆಯಬೇಕು, ಎಷ್ಟು ಉಳಿಸಬೇಕು?

ಕುಪರ್ಟಿನೋ_ಕಾವೇರಿ
ಎಲ್ಲರಿಗೂ ನಮಸ್ಕಾರ. ಇಲ್ಲಿನ ರೈತರ ಸಂತೆಯಲ್ಲಿ ಆರ್ಟಿಚೋಕ್ ಅನ್ನುವ ಹೂಮೊಗ್ಗಿನ ತರಕಾರಿ ರಾಶಿ ಬಿದ್ದಿತ್ತು, ಅಗ್ಗವೂ ಇತ್ತು. ನಾಲ್ಕು ತಂದುಬಿಟ್ಟೆ. ಪಿಜ್ಜಾ ಮೇಲೆ ಹಾಕುವ ಬಾಟಲಿಯದನ್ನು ತಿಂದು ಗೊತ್ತು. ಹಸಿಯದನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲು. ಒಂದೊಂದೂ ಅಂಗೈ ತುಂಬುವಷ್ಟು ದಪ್ಪ, ಎಸಳಿನ ತುದಿಗೆಲ್ಲ ಮುಳ್ಳು.

ಯೂಟ್ಯೂಬ್ ನೋಡಿದರೆ ಒಬ್ಬ ಇಡೀ ಮೊಗ್ಗನ್ನು ಹಾಗೇ ಬೇಯಿಸುತ್ತಾನೆ. ಇನ್ನೊಬ್ಬಳು ಮುಕ್ಕಾಲು ಪಾಲು ಕಿತ್ತು ಕಸಕ್ಕೆ ಹಾಕಿ, ತಳದ ಬಿಲ್ಲೆಯೊಂದನ್ನೇ ಇಟ್ಟುಕೊಳ್ಳುತ್ತಾಳೆ. ಯಾವುದು ಸರಿ? ಮೈಸೂರಿನಿಂದ ಅತ್ತೆ ಬಂದಿದ್ದಾರೆ. ದುಡ್ಡು ಕೊಟ್ಟು ತಂದದ್ದನ್ನು ಅಷ್ಟೊಂದು ಎಸೆದರೆ ಅವರ ಎದುರು ನನ್ನ ಗತಿ ಏನು ಅನ್ನೋ ಯೋಚನೆ ಬೇರೆ.

ಬಿಡಿಸೋದು ಹೇಗೆ, ಕುಕ್ಕರಿನಲ್ಲಿ ಆಗುತ್ತಾ, ನಮ್ಮ ಕಡೆಯ ಅಡುಗೆ ಏನಾದರೂ ಇದಕ್ಕೆ ಹೊಂದುತ್ತಾ? ಮನೆಯಲ್ಲಿ ಮೊಟ್ಟೆ ಇಲ್ಲ. ಬೆಳ್ಳುಳ್ಳಿ ಪರವಾಗಿಲ್ಲ.

ಬಸವನಗುಡಿ_ಬಜ್ಜಿ
ಬಜ್ಜಿ. ಮುಂದಿನ ಪ್ರಶ್ನೆ ಕೇಳಿ.

ಸಾಲಿನಾಸ್_ಸುಬ್ಬಿ
ಕಾವೇರಿ, ಎರಡೂ ಸರಿ. ಜಾತಿ ನೋಡಿ ತೀರ್ಮಾನ ಮಾಡಬೇಕು. ನಿಮಗೆ ಸಿಕ್ಕಿರೋದು ಬಹುಶಃ ಇಲ್ಲಿನ ಹಸಿರು ಗ್ಲೋಬ್. ಎಸಳಿನ ಬುಡದಲ್ಲಿ ತಿರುಳು ಚೆನ್ನಾಗಿರುತ್ತದೆ, ಕಿತ್ತೆಸೆದರೆ ನಷ್ಟ. ಇಡಿಯಾಗಿ ಆವಿಯಲ್ಲಿ ಬೇಯಿಸಿ.

ಎಸಳುಗಳ ಸಂದಿಗೆ ನೀರು ಹೋಗುವ ಹಾಗೆ ನಲ್ಲಿ ಕೆಳಗೆ ಹಿಡಿದು, ಆಮೇಲೆ ತಲೆಕೆಳಗು ಮಾಡಿ ಕೊಡವಿ. ಹಲ್ಲಿರುವ ಬ್ರೆಡ್ ಚಾಕುವಿನಲ್ಲಿ ಮೇಲಿನ ಒಂದು ಇಂಚು ಕೊಯ್ದು ಹಾಕಿ. ಸಾದಾ ಚಾಕು ಜಾರುತ್ತದೆ, ಹುಷಾರು. ಉಳಿದ ಎಸಳುಗಳ ಮುಳ್ಳನ್ನು ಕತ್ತರಿಯಲ್ಲಿ ಕತ್ತರಿಸಿ. ಬುಡದ ಪುಟ್ಟ ಎಸಳುಗಳನ್ನು ಕಿತ್ತುಬಿಡಿ. ದಂಟು ಎಸೆಯಬೇಡಿ! ಹೊರಗಿನ ನಾರು ಹೆರೆದರೆ ಒಳಗಿನದು ಬಿಲ್ಲೆಯಷ್ಟೇ ರುಚಿ. ಕೊಯ್ದ ಕಡೆಯೆಲ್ಲ ನಿಂಬೆ ಹೋಳು ಉಜ್ಜಿ.

ಇಡ್ಲಿ ಪಾತ್ರೆಯಿಂದ ತಟ್ಟೆಗಳನ್ನು ತೆಗೆದು, ತಳಕ್ಕೊಂದು ಜಾಲರಿ ಇಟ್ಟು, ಇವನ್ನು ತಲೆಕೆಳಗಾಗಿ ಜೋಡಿಸಿ. ಈ ಗಾತ್ರಕ್ಕೆ 35ರಿಂದ 45 ನಿಮಿಷ ಬೇಕು. ಮಧ್ಯೆ ನೀರು ಆರದ ಹಾಗೆ ನೋಡಿಕೊಳ್ಳಿ. ನಡುವಿನ ಎಸಳೊಂದನ್ನು ಎಳೆದಾಗ ತಕರಾರಿಲ್ಲದೆ ಕೈಗೆ ಬಂದರೆ ಬೆಂದಿದೆ ಎಂದರ್ಥ. ಕುಕ್ಕರಿನಲ್ಲಿ ಖಂಡಿತ ಆಗುತ್ತದೆ. ಒತ್ತಡ ಬಂದ ಮೇಲೆ ಉರಿ ಸಣ್ಣ ಮಾಡಿ ಹತ್ತು ಹನ್ನೆರಡು ನಿಮಿಷ. ವಿಷಲ್ ಎಣಿಸಬೇಡಿ, ಗಡಿಯಾರ ನೋಡಿ.

ತಿನ್ನುವಾಗ ಹೊರಗಿನಿಂದ ಒಂದೊಂದೇ ಎಸಳು ಕಿತ್ತು, ಬುಡವನ್ನು ಚಟ್ನಿಯಲ್ಲೋ ಬೆಣ್ಣೆಯಲ್ಲೋ ಅದ್ದಿ, ಕೆಳಗಿನ ಹಲ್ಲಿನಲ್ಲಿ ಕೆರೆದುಕೊಳ್ಳಿ. ಉಳಿದದ್ದು ಪಕ್ಕಕ್ಕೆ. ಒಳಕ್ಕೆ ಹೋದ ಹಾಗೆ ಎಸಳು ತೆಳ್ಳಗಾಗಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರ ಕೆಳಗೆ ಸುಂಕು ಇರುತ್ತದೆ, ನುಣ್ಣನೆಯ ಕೂದಲಿನ ರಾಶಿ. ಅದನ್ನು ಮಾತ್ರ ತಿನ್ನಬಾರದು, ಗಂಟಲಿಗೆ ಹತ್ತುತ್ತದೆ. ಚಮಚದಲ್ಲಿ ಕೆರೆದು ತೆಗೆದರೆ ಬಿಲ್ಲೆ ಪೂರ್ತಿ ನಿಮ್ಮದು.

ಮಂಡ್ಯ_ಮುದ್ದೆ
ನುಗ್ಗೆಕಾಯಿ ಥರ ಹಲ್ಲಲ್ಲಿ ಎಳೆದು ಸಿಪ್ಪೆ ಪಕ್ಕಕ್ಕಿಡೋದು ಅಂತ ಒಂದೇ ಸಾಲಲ್ಲಿ ಹೇಳಬಹುದಿತ್ತು ಅಕ್ಕಾ.

ಸಾಲಿನಾಸ್_ಸುಬ್ಬಿ
ಸುಂಕಿನ ವಿಷಯ ಬಿಟ್ಟು ಹೇಳಿದರೆ ಆಮೇಲೆ ಕೆಮ್ಮೋದು ನೀವೇ ಅಲ್ವಾ?

ರೋಮ್_ರಾಯರು
ಕ್ಷಮಿಸಿ, ನಾನು ಒಪ್ಪಲ್ಲ. ಅಮೆರಿಕದಲ್ಲಿ ದಪ್ಪ ಮೊಗ್ಗು ಬೇಯಿಸಿ, ಮಯೋನೀಸ್ ಬಟ್ಟಲು ಪಕ್ಕದಲ್ಲಿಟ್ಟು, ಅರ್ಧ ಗಂಟೆ ಎಸಳು ಕೆರೆಯುತ್ತ ಕೂರುತ್ತಾರೆ. ಅದು ಊಟ ಅಲ್ಲ, ಕಾಲಹರಣ.

ಇಲ್ಲಿ ರೋಮಿನಲ್ಲಿ ಚಳಿಗಾಲದ ಕೊನೆಯಿಂದ ಏಪ್ರಿಲ್‌ವರೆಗೆ ಮಾರುಕಟ್ಟೆ ತುಂಬ ಇದೇ. ಕಾಂಪೋ ದೇ ಫಿಯೋರಿ ಸಂತೆಗೆ ಹೋದರೆ ತರಕಾರಿಯವರು ಮಾತಾಡುತ್ತಲೇ ಚಾಕು ಆಡಿಸುತ್ತಿರುತ್ತಾರೆ. ಎಡಗೈಯಲ್ಲಿ ಮೊಗ್ಗು ತಿರುಗುತ್ತದೆ, ಬಲಗೈಯ ಸಣ್ಣ ಬಾಗಿದ ಚಾಕು ಮಾತ್ರ ಇದ್ದಲ್ಲೇ ಇರುತ್ತದೆ. ಗಟ್ಟಿ ಭಾಗವೆಲ್ಲ ಸುರುಳಿಯಾಗಿ ಕೆಳಗೆ ಬೀಳುತ್ತದೆ. ತಿಳಿ ಹಳದಿ ಕಂಡ ತಕ್ಷಣ ನಿಂಬೆ ನೀರಿನ ಬಕೆಟ್ಟಿಗೆ ಹಾಕುತ್ತಾರೆ.

ಆಮೇಲೆ ರೋಮನ್ ಶೈಲಿ. ಬೆಳ್ಳುಳ್ಳಿ, ಪಾರ್ಸ್ಲಿ, ಮೆಂತೂಚ್ಚಾ ಅನ್ನುವ ಕಾಡು ಪುದೀನ, ಉಪ್ಪು, ಎಣ್ಣೆ ಸಣ್ಣಗೆ ಕೊಚ್ಚಿ ಎಸಳಿನ ನಡುವೆ ತುಂಬಬೇಕು. ದಂಟು ಮೇಲೆ ಬರುವ ಹಾಗೆ ಪಾತ್ರೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಆಲಿವ್ ಎಣ್ಣೆ ಧಾರಾಳವಾಗಿ, ನೀರು ಸ್ವಲ್ಪ. ಬೇಕಾದವರು ಬಿಳಿ ವೈನ್ ಸೇರಿಸುತ್ತಾರೆ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ದಂಟಿನಿಂದ ಹಿಡಿದು ತುದಿಯವರೆಗೆ ಪೂರ್ತಿ ತಿನ್ನಬಹುದು. ಉಗುಳೋದು ಏನೂ ಇಲ್ಲ.

ಸಾಲಿನಾಸ್_ಸುಬ್ಬಿ
ರಾಯರೇ, ನಿಮ್ಮ ಊರಿನ ರೊಮಾನೆಸ್ಕೋ ಜಾತಿಗೆ ಮುಳ್ಳೇ ಇಲ್ಲ, ಸುಂಕೂ ಇದ್ದೂ ಇಲ್ಲದ ಹಾಗೆ. ಬಿಡಿಸಿಕೊಡೋಕೆ ಅಂಗಡಿಯವರು ಬೇರೆ. ಇಲ್ಲಿ ನಾವೇ ಬಿಡಿಸಬೇಕು, ನಾವೇ ಬೆರಳು ಕೊಯ್ದುಕೊಳ್ಳಬೇಕು. ನೀವು ಹೇಳಿದ ಹಾಗೆ ಗ್ಲೋಬನ್ನು ಕೆತ್ತಿದರೆ ನಾಲ್ಕು ಮೊಗ್ಗಿಗೆ ಒಂದು ಬಟ್ಟಲು ಪಲ್ಯವೂ ಆಗಲ್ಲ.

ರೋಮ್_ರಾಯರು
ಆಗದಿದ್ದರೆ ಎಂಟು ತರಬೇಕು.

ಮಂಡ್ಯ_ಮುದ್ದೆ
ಅತ್ತೆ ಇದ್ದಾರೆ ಅಂತ ಹೇಳಿದ್ದು ಓದಿದಿರಾ ಸರ್?

ಪುತ್ತೂರು_ಮಾಣಿ
ನಿಂಬೆ ನಿಂಬೆ ಅಂತಿದ್ದೀರಲ್ಲ, ಮಜ್ಜಿಗೆ ಇದೆಯಲ್ಲ ಮಾರಾಯ್ರೇ. ನಮ್ಮಲ್ಲಿ ಬಾಳೆ ಕುಂಡಿಗೆ (ಬಾಳೆಹೂವು) ಕೊಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕುವುದು. ಕಪ್ಪಾಗುವುದಿಲ್ಲ, ಒಗರೂ ಇಳಿಯುತ್ತದೆ. ಕೈಗೆ ಮೊದಲೇ ಎಣ್ಣೆ ಹಚ್ಚಿಕೊಂಡರೆ ಕಲೆಯೂ ಇಲ್ಲ. ಇದಕ್ಕೂ ಅದೇ ಸಾಕಲ್ವಾ? ನಾನು ಆರ್ಟಿಚೋಕ್ ಕಂಡದ್ದು ಫೋಟೋದಲ್ಲಿ ಮಾತ್ರ, ಆದರೂ ಕೇಳುತ್ತಿದ್ದೇನೆ.

ಲ್ಯಾಬ್_ಮೇಷ್ಟ್ರು
ಮಾಣಿ ಹೇಳಿದ್ದು ಸರಿ. ಎರಡರಲ್ಲೂ ನಡೆಯೋದು ಒಂದೇ. ಕೊಯ್ದಾಗ ಜೀವಕೋಶ ಒಡೆದು, ಒಳಗಿನ ಪಾಲಿಫಿನಾಲ್‌ಗಳ ಮೇಲೆ ಒಂದು ಕಿಣ್ವ ಕೆಲಸ ಮಾಡುತ್ತದೆ. ಗಾಳಿ ತಾಗಿದರೆ ಕಂದು ಬಣ್ಣ. ಹುಳಿ ಇದ್ದರೆ ಆ ಕಿಣ್ವ ಮಂದವಾಗುತ್ತದೆ. ಹುಳಿ ನಿಂಬೆಯದಾದರೇನು, ಮಜ್ಜಿಗೆಯದಾದರೇನು? ಹುಳಿ ಮಜ್ಜಿಗೆಯೇ ಆಗಬೇಕು ಅಷ್ಟೆ. ಅಂಗಡಿಯ ಸಪ್ಪೆ ಮೊಸರನ್ನು ಒಂದು ಬಕೆಟ್ ನೀರಿಗೆ ಕದಡಿದರೆ ಪ್ರಯೋಜನ ಇಲ್ಲ.

ಎರಡು ಮಾತು ಸೇರಿಸುತ್ತೇನೆ. ಇಡಿಯಾಗಿ ಬೇಯಿಸುವವರು ನಿಂಬೆಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಹೇಗೂ ಆವಿಯಲ್ಲಿ ಹಸಿರು ಹೋಗಿ ಪಾಚಿ ಬಣ್ಣ ಬರುತ್ತದೆ. ಹೋಳು ಮಾಡಿ ಪಲ್ಯ ಮಾಡುವವರು ಮಾತ್ರ ಹುಳಿ ನೀರಲ್ಲಿ ಹಾಕಿ, ಆದರೆ ಬೇಯಿಸುವ ಮೊದಲು ತೊಳೆಯಿರಿ. ಹುಳಿ ಜಾಸ್ತಿಯಾದರೆ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಹುಣಸೆ ಹುಳಿ ಮೊದಲೇ ಹಾಕಿದರೆ ತರಕಾರಿ ಬೇಯದೆ ಕೂರುತ್ತದಲ್ಲ, ಕಾರಣ ಅದೇ.

ಇನ್ನು ಪಾತ್ರೆ. ಕಬ್ಬಿಣದ ಬಾಣಲೆ, ಬರಿ ಅಲ್ಯೂಮಿನಿಯಂ ಎರಡೂ ಬೇಡ. ಬೂದು ಬಣ್ಣಕ್ಕೆ ತಿರುಗುತ್ತದೆ. ಸ್ಟೀಲ್ ಒಳ್ಳೇದು.

ಉಡುಪಿ_ಒಗ್ಗರಣೆ
ಹಾಗಾದರೆ ಮೆಟ್ಟುಕತ್ತಿಯಲ್ಲಿ ಕೊಚ್ಚಬಾರದಾ? ನನಗೆ ಚಾಕುವಿನಲ್ಲಿ ಕೈ ಓಡುವುದೇ ಇಲ್ಲ.

ಲ್ಯಾಬ್_ಮೇಷ್ಟ್ರು
ಕೊಚ್ಚಬಹುದು ಮೇಡಂ, ಕೊಯ್ದ ಅಂಚು ಕಪ್ಪಾಗುತ್ತದೆ ಅಷ್ಟೆ. ತಿಂದರೆ ತೊಂದರೆ ಏನೂ ಇಲ್ಲ, ನೋಡೋಕೆ ಚೆಂದ ಇರಲ್ಲ. ಕತ್ತಿಯನ್ನು ಆಗಲೇ ತೊಳೆದು ಒರೆಸಿಡಿ.

ಬಸವನಗುಡಿ_ಬಜ್ಜಿ
ನಾನು ತಮಾಷೆಗೆ ಬಜ್ಜಿ ಅಂದಿದ್ದಲ್ಲ. ಕ್ಯಾಲಿಫೋರ್ನಿಯಾದ ಕ್ಯಾಸ್ಟ್ರೋವಿಲ್‌ನಲ್ಲಿ ಇದನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದೇ ಮಾರುತ್ತಾರೆ. ಮಗಳ ಮನೆಗೆ ಹೋದಾಗ ತಿಂದಿದ್ದೇನೆ. ಅವರ ಹಿಟ್ಟಿಗೆ ಖಾರವೇ ಇಲ್ಲ, ಆ ಮಾತು ಬೇರೆ.

ಸಣ್ಣ ಮೊಗ್ಗು ಸಿಕ್ಕರೆ ಹೊರಗಿನ ಎಸಳು ಕಿತ್ತು, ತಿಳಿ ಹಳದಿ ಬಂದಾಗ ನಿಲ್ಲಿಸಿ, ಉದ್ದಕ್ಕೆ ನಾಲ್ಕು ಹೋಳು ಮಾಡಿ. ಉಪ್ಪು ನೀರಲ್ಲಿ ಮುಕ್ಕಾಲು ಬೇಯಿಸಿ, ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಲಿ. ನೀರಿದ್ದರೆ ಹಿಟ್ಟು ಹಿಡಿಯಲ್ಲ. ಕಡಲೆಹಿಟ್ಟು ಮೂರು ಪಾಲು, ಅಕ್ಕಿಹಿಟ್ಟು ಒಂದು ಪಾಲು, ಅಚ್ಚಖಾರದ ಪುಡಿ, ಓಮ, ಇಂಗು, ಕಾದ ಎಣ್ಣೆ ಎರಡು ಚಮಚ. ಸೋಡಾ ಬೇಡ, ಎಣ್ಣೆ ಕುಡಿಯುತ್ತದೆ.

ಕಾವೇರಿಯವರ ದಪ್ಪ ಮೊಗ್ಗಿನಲ್ಲಿ ಬಿಲ್ಲೆ ಮಾತ್ರ ಬಜ್ಜಿಗೆ ಬರುತ್ತದೆ. ಅದೂ ಸುಂಕು ತೆಗೆದ ಮೇಲೆ.

ರೋಮ್_ರಾಯರು
ಬಜ್ಜಿ ಅಂದಿರಲ್ಲ, ಹಿಟ್ಟೇ ಇಲ್ಲದೆ ಕರಿಯೋದು ಇನ್ನೂ ಮೇಲು. ರೋಮಿನ ಯಹೂದಿ ಕೇರಿಯ ಅಡುಗೆ ಅದು. ಆ ಕೇರಿಯನ್ನು 1555ರಲ್ಲಿ ಪೋಪ್ ಆಜ್ಞೆಯಿಂದ ಗೋಡೆ ಕಟ್ಟಿ ಮಾಡಿದ್ದು. ಬಿಡಿಸಿದ ಮೊಗ್ಗನ್ನು ಇಡಿಯಾಗಿ, ಜಾಸ್ತಿ ಬಿಸಿ ಇಲ್ಲದ ಎಣ್ಣೆಯಲ್ಲಿ, ಅಂದಾಜು 150 ಡಿಗ್ರಿಯಲ್ಲಿ, ಹತ್ತು ಹದಿನೈದು ನಿಮಿಷ ಬೇಯಿಸುತ್ತಾರೆ. ತೆಗೆದು ಆರಿಸಿ, ಎಸಳುಗಳನ್ನು ಬೆರಳಿನಲ್ಲಿ ಹೊರಕ್ಕೆ ಬಿಡಿಸುತ್ತಾರೆ. ಆಮೇಲೆ 180 ಡಿಗ್ರಿ ಎಣ್ಣೆಗೆ ಮತ್ತೊಮ್ಮೆ ತಲೆಕೆಳಗಾಗಿ ಒತ್ತಿ ಹಿಡಿದರೆ ಎಸಳೆಲ್ಲ ಗರಿಗರಿ, ಬುಡ ಬೆಣ್ಣೆ. ಮೇಲೆ ಉಪ್ಪು. ಇನ್ನೇನೂ ಬೇಡ.

ಬಸವನಗುಡಿ_ಬಜ್ಜಿ
ಎರಡು ಸಲ ಕರಿಯೋದು ಒಪ್ಪಿದೆ. ಖಾರ ಬೇಡ ಅನ್ನೋದು ಒಪ್ಪಲ್ಲ.

ಜವಾರಿ_ಹುಡುಗ
ಫೋಟೋ ನೋಡಿದ ಕೂಡಲೇ ಅನಿಸಿದ್ದು, ಇದು ನಮ್ಮ ವಿಜಯಪುರ ಕಡೆಯ ಕುಸುಬಿ ಮೊಗ್ಗನ್ನು ಹತ್ತು ಪಟ್ಟು ಹಿಗ್ಗಿಸಿದ ಹಾಗಿದೆ ನೋಡ್ರಿ. ಅದಕ್ಕೂ ಹೀಗೇ ಮುಳ್ಳು. ಬೆಳೆದ ಮೇಲೆ ಹೊಲಕ್ಕೆ ಕಾಲಿಡೋಕಾಗಲ್ಲ. ಎಳೆಯದಿದ್ದಾಗ ಅದರ ಸೊಪ್ಪಿನ ಪಲ್ಯ ಮಾಡುತ್ತೇವೆ. ರೊಟ್ಟಿಗೆ ಜೋಡಿ.

ಲ್ಯಾಬ್_ಮೇಷ್ಟ್ರು
ಅನಿಸಿದ್ದು ಸುಳ್ಳಲ್ಲ. ಎರಡೂ ಸೂರ್ಯಕಾಂತಿ, ಸೇವಂತಿಗೆಯ ಕುಟುಂಬ. ಅದರಲ್ಲೂ ಮುಳ್ಳಿನ ಗಿಡಗಳ ಒಂದೇ ಗುಂಪು. ಆರ್ಟಿಚೋಕನ್ನು ಕೀಳದೆ ಗಿಡದಲ್ಲೇ ಬಿಟ್ಟರೆ, ಆ ಸುಂಕು ಇದೆಯಲ್ಲ, ಅದೇ ಬಲಿತು ನೇರಳೆ ಹೂವಾಗಿ ಅರಳುತ್ತದೆ. ಅಂದರೆ ಅದು ಅರಳುವ ಮೊದಲಿನ ಹೂಗಳ ಗೊಂಚಲು. ಮೊಗ್ಗು ಬಲಿತಷ್ಟೂ ಸುಂಕು ಜಾಸ್ತಿ, ಬಿರುಸು.

ಮಂಡ್ಯ_ಮುದ್ದೆ
ಇದು ತಿಂದರೆ ವಿಪರೀತ ಗ್ಯಾಸ್ ಅಂತ ಕೇಳಿದ್ದೆ. ಶುಂಠಿ ಥರ ಇರುತ್ತಲ್ಲ, ಅದೇ ತಾನೇ?

ಲ್ಯಾಬ್_ಮೇಷ್ಟ್ರು
ಅಲ್ಲ. ಶುಂಠಿ ಥರ ಇರೋದು ಜೆರುಸಲೇಂ ಆರ್ಟಿಚೋಕ್. ಸೂರ್ಯಕಾಂತಿ ಜಾತಿಯ ಗಿಡದ ಗೆಡ್ಡೆ ಅದು. ಅದರಲ್ಲಿ ಇನ್ಯುಲಿನ್ ಅನ್ನುವ ನಾರಿನಂಶ ತುಂಬ. ನಮ್ಮ ಜಠರ, ಸಣ್ಣ ಕರುಳಿಗೆ ಅದನ್ನು ಅರಗಿಸೋಕಾಗಲ್ಲ. ಮುಂದೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹಬ್ಬದೂಟದ ಹಾಗೆ ತಿನ್ನುತ್ತವೆ, ಗ್ಯಾಸ್ ಅಲ್ಲಿಂದ. ಈ ಮುಳ್ಳಿನ ಮೊಗ್ಗಿನಲ್ಲೂ ಇನ್ಯುಲಿನ್ ಇದೆ. ಆದರೆ ಒಬ್ಬರು ಒಂದು ಬಿಲ್ಲೆ ತಿಂದರೆ ಎಷ್ಟು ಮಹಾ?

ಮಂಡ್ಯ_ಮುದ್ದೆ
ಇಂಗಿನ ಒಗ್ಗರಣೆ ಹಾಕಿದರೆ ಆಯ್ತು ಬಿಡಿ.

ದುಬೈ_ದೋಸೆ
ಇಷ್ಟೆಲ್ಲ ರಗಳೆ ಯಾಕೆ? ಇಲ್ಲಿ ಫ್ರೀಜರ್ ಸಾಲಿನಲ್ಲಿ ಈಜಿಪ್ಟಿನ ಆರ್ಟಿಚೋಕ್ ತಳಗಳು ಪೊಟ್ಟಣದಲ್ಲಿ ಸಿಗುತ್ತವೆ. ಬಿಡಿಸಿ, ಸುಂಕು ಕೆರೆದು, ಪುಟ್ಟ ಬಟ್ಟಲಿನ ಆಕಾರದಲ್ಲಿ ಇರುತ್ತದೆ. ಅರಬ್ಬರು ಅದರೊಳಗೆ ಕೀಮಾ ತುಂಬುತ್ತಾರೆ. ನಾನು ಆಲೂಗಡ್ಡೆ ಪಲ್ಯ ತುಂಬಿ ಬೇಕ್ ಮಾಡುತ್ತೇನೆ. ಹುಳಿಗೂ ಹಾಕಿದ್ದೇನೆ. ಬೇಳೆ ಬೆಂದ ಮೇಲೆ ಹಾಕಿ ಹತ್ತು ನಿಮಿಷ ಕುದಿಸಿದರೆ ಸಾಕು, ಮೊದಲೇ ಹಾಕಿದರೆ ಕರಗಿ ಹೋಗುತ್ತದೆ.

ಇಸ್ತಾಂಬುಲ್‌ಗೆ ಹೋದವರು ನೋಡಿರುತ್ತೀರಿ. ಬಿಡಿಸಿದ ತಳಗಳನ್ನು ನಿಂಬೆ ನೀರಿನಲ್ಲಿ ತೇಲಿಬಿಟ್ಟು ಮಾರುತ್ತಾರೆ. ಆಲಿವ್ ಎಣ್ಣೆ, ಕ್ಯಾರೆಟ್, ಬಟಾಣಿ, ಸಬ್ಬಸಿಗೆ ಸೊಪ್ಪು ಹಾಕಿ ಬೇಯಿಸಿ ತಣ್ಣಗೆ ಬಡಿಸುತ್ತಾರೆ. ಸಬ್ಬಸಿಗೆ ಇದಕ್ಕೆ ಬಹಳ ಹೊಂದುತ್ತದೆ. ಇದು ಮಾತ್ರ ನೆನಪಿಟ್ಟುಕೊಳ್ಳಿ.

ಸಾಲಿನಾಸ್_ಸುಬ್ಬಿ
ಕೇಳಿದ್ದು ಹಸಿಯದರ ಬಗ್ಗೆ. ನೀವು ಪೊಟ್ಟಣ ಹರಿಯೋದು ಹೇಳಿಕೊಟ್ಟಿರಿ 😀

ರೋಮ್_ರಾಯರು
ಹುಳಿಗೆ ಹಾಕಿದರೆ ಆರ್ಟಿಚೋಕ್ ರುಚಿ ಎಲ್ಲಿ ಉಳಿಯುತ್ತದೆ ಸ್ವಾಮಿ? ಸಾರಿನ ಪುಡಿ, ಹುಣಸೆ, ಇಂಗು ಎಲ್ಲ ಸೇರಿದ ಮೇಲೆ ಅದು ಆರ್ಟಿಚೋಕ್ ಆದರೇನು, ಸೀಮೆಬದನೆ ಆದರೇನು? ಇದರ ರುಚಿ ಬಹಳ ಮೆಲ್ಲಗಿನದು. ಸ್ವಲ್ಪ ಕಹಿ, ಸ್ವಲ್ಪ ಸಿಹಿ. ಮಸಾಲೆ ಬಿದ್ದರೆ ಮುಗಿಯಿತು.

ಉಡುಪಿ_ಒಗ್ಗರಣೆ
ರಾಯರೇ, ಎಲ್ಲದಕ್ಕೂ ಸಾರಿನ ಪುಡಿ ಹಾಕುವುದು ನಿಮ್ಮ ಕಡೆ ಇರಬಹುದು. ಮೆಲ್ಲಗಿನ ರುಚಿಯ ತರಕಾರಿಗೆ ನಾವು ಸಾಸಿವೆ ಮಾಡುತ್ತೇವೆ. ಬೇಯಿಸಿದ ಬಿಲ್ಲೆಯನ್ನು ಸಣ್ಣಗೆ ಹೆಚ್ಚಿ. ತೆಂಗಿನತುರಿ, ಅರ್ಧ ಚಮಚ ಸಾಸಿವೆ, ಒಂದು ಹಸಿಮೆಣಸು ನುಣ್ಣಗೆ ರುಬ್ಬಿ, ಮೊಸರಿಗೆ ಸೇರಿಸಿ, ಉಪ್ಪು ಹಾಕಿ ಕಲೆಸಿ. ಕುದಿಸಲಿಕ್ಕೆ ಇಲ್ಲ. ಸಾಸಿವೆ ಜಾಸ್ತಿಯಾದರೆ ಕಹಿ ಏರುತ್ತದೆ, ಅದೊಂದು ನೋಡಿಕೊಳ್ಳಿ. ಇದರಲ್ಲಿ ನಿಮ್ಮ ಆರ್ಟಿಚೋಕ್ ಎಲ್ಲಿಗೂ ಓಡಿ ಹೋಗುವುದಿಲ್ಲ.

ರೋಮ್_ರಾಯರು
ಇದು ನಡೆಯಬಹುದು. ಹಸಿಮೆಣಸು ಅರ್ಧ ಸಾಕು.

ಜವಾರಿ_ಹುಡುಗ
ಅರ್ಧ ಮೆಣಸಿನಕಾಯಿ ಅಂತ! 🤦

ಕುಪರ್ಟಿನೋ_ಕಾವೇರಿ
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಎರಡನ್ನು ಸುಬ್ಬಿಯವರು ಹೇಳಿದ ಹಾಗೆ ಇಡಿಯಾಗಿ, ಎರಡನ್ನು ಬಿಡಿಸಿ ಸಾಸಿವೆಗೆ ಅಂತ ತೀರ್ಮಾನಿಸಿದ್ದೇನೆ. ಎರಡು ಸಂದೇಹ. ಒಂದರ ಹೊರ ಎಸಳುಗಳ ಮೇಲೆ ಕಂದು ಕಂದು ಮಚ್ಚೆ ಇದೆ. ಕೆಟ್ಟಿದೆಯಾ? ಇನ್ನೊಂದರ ಸಂದಿಯಲ್ಲಿ ಪುಟ್ಟ ಕಪ್ಪು ಹುಳ ಕಂಡಿತು.

ಸಾಲಿನಾಸ್_ಸುಬ್ಬಿ
ಮಚ್ಚೆ ಬರಿ ಹೊರ ಸಿಪ್ಪೆಯಲ್ಲಿದ್ದರೆ ಅದು ಮಂಜು ಹೊಡೆದದ್ದು. ಒಳಗೆ ಏನೂ ಆಗಿರಲ್ಲ. ಇಲ್ಲಿ ಎಷ್ಟೋ ಜನ ಅದೇ ಹೆಚ್ಚು ರುಚಿ ಅಂತ ಹುಡುಕಿ ತರುತ್ತಾರೆ. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ತಕ್ಕ ತೂಕ ಇರಬೇಕು, ಎಸಳು ಮುಚ್ಚಿಕೊಂಡಿರಬೇಕು. ಕಿವಿ ಹತ್ತಿರ ಹಿಡಿದು ಹಿಂಡಿದರೆ ಕಿರ್ ಕಿರ್ ಅನ್ನಬೇಕು. ಸದ್ದು ಬರದೆ ಮೆತ್ತಗೆ ಬಗ್ಗಿದರೆ ಹಳೆಯದು. ದಂಟಿನ ತುದಿ ಒಣಗಿ ಕಡ್ಡಿಯಾಗಿದ್ದರೆ ತರಲೇಬೇಡಿ.

ಹುಳಕ್ಕೆ ಉಪ್ಪು ನೀರು. ಹೂಕೋಸಿಗೆ ಮಾಡಲ್ವಾ, ಹಾಗೇ ತಲೆಕೆಳಗಾಗಿ ಒಂದು ಹತ್ತು ನಿಮಿಷ ಮುಳುಗಿಸಿಡಿ.

ರೋಮ್_ರಾಯರು
ಹುಳದ ವಿಷಯದಲ್ಲಿ ಇಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. ನಾನು ಮೇಲೆ ಹೇಳಿದ ಆ ಕರಿದ ಆರ್ಟಿಚೋಕ್ ಕೋಷರ್ ಅಲ್ಲ, ಅಂದರೆ ಯಹೂದಿ ಧರ್ಮದ ಪ್ರಕಾರ ತಿನ್ನುವಂಥದ್ದಲ್ಲ ಅಂತ 2018ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿಗಳ (ಯಹೂದಿ ಧರ್ಮಗುರುಗಳ) ಕಚೇರಿ ಹೇಳಿತು. ಇಡಿಯಾಗಿ ಕರಿದರೆ ಒಳಗಿನ ಹುಳ ಕಾಣಲ್ಲ, ಹುಳ ನಿಷಿದ್ಧ ಅಂತ ಅವರ ವಾದ. ರೋಮಿನ ಯಹೂದಿಗಳು ಒಪ್ಪಲಿಲ್ಲ. ನಮ್ಮ ಮೊಗ್ಗಿನ ಎಸಳು ಬಿಗಿಯಾಗಿ ಮುಚ್ಚಿರುತ್ತದೆ, ಹುಳ ಹೋಗೋಕೆ ಜಾಗವಿಲ್ಲ, ಬಿಡಿಸೋದು ನಮಗೆ ಗೊತ್ತು ಅಂದರು. ಇವತ್ತಿಗೂ ಆ ಕೇರಿಯ ಹೋಟೆಲುಗಳಲ್ಲಿ ಅದಿಲ್ಲದ ಮೆನು ಇಲ್ಲ.

ಪುತ್ತೂರು_ಮಾಣಿ
ಮಡಿ ಎಲ್ಲ ಕಡೆಯೂ ಉಂಟು ಹಾಗಾದರೆ!

ಹಾಸನದ_ಹಟ್ಟಿ
ಅದಿರಲಿ, ಶ್ರಾದ್ಧದ ಅಡುಗೆಗೆ ಇದು ಬರುತ್ತಾ? ಕೋಸು, ಆಲೂಗಡ್ಡೆ, ಟೊಮೆಟೊ ನಮ್ಮಲ್ಲಿ ಇಲ್ಲ. ಎಲ್ಲ ವಿಲಾಯತಿ ತರಕಾರಿ ಅಂತ.

ಬಸವನಗುಡಿ_ಬಜ್ಜಿ
ಟೊಮೆಟೊಗೇ ಪ್ರವೇಶ ಇಲ್ಲದ ಕಡೆ ಆರ್ಟಿಚೋಕ್‌ಗೆ ಎಲೆ ಹಾಕುತ್ತಾರಾ? ಆದರೆ ಮೆಣಸಿನಕಾಯಿಯೂ ಅಮೆರಿಕದಿಂದಲೇ ಬಂದದ್ದು. ಶ್ರಾದ್ಧಕ್ಕೆ ಕಾಳುಮೆಣಸೇ ಯಾಕೆ ಅನ್ನೋದಕ್ಕೆ ಉತ್ತರ ಅಲ್ಲಿದೆ.

ಹಾಸನದ_ಹಟ್ಟಿ
ನಮ್ಮ ಭಟ್ಟರು ಕ್ಯಾರೆಟ್ಟನ್ನೂ ಹೊರಗೆ ಹಾಕಿದ್ದಾರೆ. ಆದರೆ ಕಾಫಿ ಮೂರು ಸಲ ಕೇಳುತ್ತಾರೆ.

ನಿರ್ವಾಹಕ
ಶ್ರಾದ್ಧದ ಅಡುಗೆಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಭಟ್ಟರ ಕಾಫಿಯನ್ನೂ ಅಲ್ಲಿಗೇ ಒಯ್ಯಿರಿ.

ಆಯುರ್_ಆನಂದ
ಆರ್ಟಿಚೋಕ್ ಲಿವರ್‌ಗೆ ರಾಮಬಾಣ. ಕೊಲೆಸ್ಟ್ರಾಲ್ ಪೂರ್ತಿ ಇಳಿಸುತ್ತದೆ. ದಿನಕ್ಕೊಂದು ತಿಂದರೆ ಮಾತ್ರೆಯೇ ಬೇಡ. ಎಲ್ಲರಿಗೂ ಹಂಚಿ.

ಲ್ಯಾಬ್_ಮೇಷ್ಟ್ರು
ದಯವಿಟ್ಟು ಹಂಚಬೇಡಿ. ಕೊಲೆಸ್ಟ್ರಾಲ್ ಬಗ್ಗೆ ನಡೆದ ಪ್ರಯೋಗಗಳಲ್ಲಿ ಬಹುಪಾಲು ಅದರ ಎಲೆಯ ಸಾರದ ಮಾತ್ರೆ ಕೊಟ್ಟು ಮಾಡಿದವು. ನಾವು ತಿನ್ನೋದು ಮೊಗ್ಗು. ಎಲೆ ಸಾರ ಪಿತ್ತರಸ ಹೆಚ್ಚಿಸುತ್ತದೆ. ಅದಕ್ಕೇ ಪಿತ್ತಕೋಶದಲ್ಲಿ ಕಲ್ಲಿರುವವರು ಡಾಕ್ಟರನ್ನು ಕೇಳದೆ ಆ ಮಾತ್ರೆ ತಗೊಳ್ಳಬಾರದು. ಸೇವಂತಿಗೆ ಜಾತಿಯ ಹೂವಿಗೆ ಅಲರ್ಜಿ ಇರುವವರೂ ಸ್ವಲ್ಪ ಜೋಪಾನ. ಯಾರೂ ನಡೆಯುತ್ತಿರುವ ಮಾತ್ರೆ ಬಿಡಬೇಡಿ. ತರಕಾರಿಯನ್ನು ತರಕಾರಿಯಾಗಿ ತಿನ್ನಿ, ನಾರಿನಂಶ ಚೆನ್ನಾಗಿದೆ, ಅಷ್ಟು ಸಾಕಲ್ವಾ?

ಆಯುರ್_ಆನಂದ
ನೀವು ಅಲೋಪತಿಯವರು, ಹಾಗೇ ಹೇಳುತ್ತೀರಿ.

ಲ್ಯಾಬ್_ಮೇಷ್ಟ್ರು
ನಾನು ಯಾವ ಪತಿಯೂ ಅಲ್ಲ, ಪಾಠ ಮಾಡುವವನು.

ಒಂದು ಮಜಾ ಹೇಳುತ್ತೇನೆ, ಅದು ನಿಜವಾಗಿ ಪರೀಕ್ಷೆ ಮಾಡಬಹುದಾದ್ದು. ಬಿಲ್ಲೆ ಚೆನ್ನಾಗಿ ಅಗಿದು ನುಂಗಿ, ಆಮೇಲೆ ಒಂದು ಗುಟುಕು ತಣ್ಣೀರು ಕುಡಿಯಿರಿ. ನೀರು ಸಿಹಿ ಅನಿಸುತ್ತದೆ. ಸೈನರಿನ್ ಅನ್ನುವ ಅಂಶ ನಾಲಿಗೆಯ ಮೇಲೆ ಮಾಡುವ ಆಟ. 1972ರಲ್ಲೇ ಇದರ ಬಗ್ಗೆ ವಿಜ್ಞಾನಿಗಳು ಬರೆದಿದ್ದಾರೆ. ಎಲ್ಲರಿಗೂ ಆಗಲ್ಲ. ಮನೆಯಲ್ಲಿ ನಾಲ್ಕು ಜನ ಇದ್ದರೆ ಒಬ್ಬರಿಗಾದರೂ ಏನೂ ಗೊತ್ತಾಗದೆ ಇರಬಹುದು. ವೈನ್ ಬಲ್ಲವರು ಆರ್ಟಿಚೋಕ್ ಜೊತೆ ವೈನ್ ಬೇಡ ಅನ್ನೋದು ಇದೇ ಕಾರಣಕ್ಕೆ, ಅದೂ ಸಪ್ಪೆ ಸಿಹಿಯಾಗುತ್ತದೆ.

ದುಬೈ_ದೋಸೆ
ಕಾಫಿ ಕುಡಿದರೆ?

ಲ್ಯಾಬ್_ಮೇಷ್ಟ್ರು
ನೀವೇ ಕುಡಿದು ವರದಿ ಕೊಡಿ.

ಹಿತ್ತಲ_ಗಿಡ
ಬೆಂಗಳೂರಿನ ತಾರಸಿಯಲ್ಲಿ ಬೆಳೆಯಬಹುದಾ? ಬೀಜ ಆನ್‌ಲೈನಿನಲ್ಲಿ ಸಿಗುತ್ತಿದೆ.

ಸಾಲಿನಾಸ್_ಸುಬ್ಬಿ
ಗಿಡ ಬರುತ್ತದೆ, ಮೊಗ್ಗಿನದೇ ಅನುಮಾನ. ಮೊಗ್ಗು ಕಟ್ಟೋಕೆ ಈ ಗಿಡಕ್ಕೆ ಕೆಲವು ವಾರ ಚಳಿ ಬೇಕು, 10 ಡಿಗ್ರಿ ಆಸುಪಾಸು. ಇಂಪೀರಿಯಲ್ ಸ್ಟಾರ್ ಅನ್ನುವ ತಳಿಗೆ ಚಳಿ ಕಮ್ಮಿ ಸಾಕು, ಬೀಜದಿಂದ ಮೊದಲ ವರ್ಷವೇ ಮೊಗ್ಗು ಕೊಡುತ್ತದೆ. ಹಾಕೋದಿದ್ದರೆ ಅದನ್ನೇ ಹಾಕಿ. ಜಾಗ ಮಾತ್ರ ಧಾರಾಳ ಬೇಕು. ಒಂದು ಗಿಡ ನಾಲ್ಕೈದು ಅಡಿ ಅಗಲಕ್ಕೆ ಕೈ ಚಾಚುತ್ತದೆ, ಸಾದಾ ಕುಂಡ ಸಾಲದು. ಸೆಕೆ ಬಂದರೆ ಮೊಗ್ಗು ಬೇಗ ಬಿಚ್ಚಿಕೊಂಡು ಬಿರುಸಾಗುತ್ತದೆ. ಇಲ್ಲಿ ಕ್ಯಾಸ್ಟ್ರೋವಿಲ್ ಸುತ್ತ ಸಮುದ್ರದ ಕಡೆಯಿಂದ ಮಂಜು ಬಂದು ಬೇಸಿಗೆಯಲ್ಲೂ ಸ್ವೆಟರ್ ಹಾಕಿಸುತ್ತದೆ. ಆ ಹವೆಯೇ ಅದಕ್ಕೆ ಇಷ್ಟ. ಅಮೆರಿಕದಲ್ಲಿ ಮಾರೋಕೆ ಬೆಳೆಯುವ ಆರ್ಟಿಚೋಕ್ ಹೆಚ್ಚುಕಮ್ಮಿ ಎಲ್ಲ ಕ್ಯಾಲಿಫೋರ್ನಿಯಾದ್ದೇ. ಇಟಲಿಯಿಂದ ಬಂದ ರೈತರು 1920ರ ದಶಕದಲ್ಲಿ ಇಲ್ಲಿ ಶುರು ಮಾಡಿದ್ದು.

ಬಸವನಗುಡಿ_ಬಜ್ಜಿ
ಆ ಊರಿನವರು 1948ರಲ್ಲಿ ಮೆರಿಲಿನ್ ಮನ್ರೋಗೆ ಆರ್ಟಿಚೋಕ್ ರಾಣಿ ಅಂತ ಪಟ್ಟ ಕಟ್ಟಿದ್ದರು. ಆಗ ಆಕೆ ಯಾರಿಗೂ ಅಷ್ಟು ಗೊತ್ತಿರಲಿಲ್ಲ.

ದುಬೈ_ದೋಸೆ
ರಾಣಿ ಮಾತ್ರ ಅಲ್ಲ, ನ್ಯೂಯಾರ್ಕಿನಲ್ಲಿ ಆರ್ಟಿಚೋಕ್ ರಾಜನೂ ಇದ್ದ. ಚಿರೋ ತೆರ್ರನೋವಾ ಅಂತ, ಮಾಫಿಯಾದವನು. ಕ್ಯಾಲಿಫೋರ್ನಿಯಾದಿಂದ ಬರುವ ಮಾಲನ್ನೆಲ್ಲ ತಾನೇ ಹಿಡಿದು, ವ್ಯಾಪಾರಿಗಳನ್ನು ಹೆದರಿಸಿ, ಹೇಳಿದ ರೇಟಿಗೆ ಮಾರುತ್ತಿದ್ದ. 1935ರ ಡಿಸೆಂಬರಿನಲ್ಲಿ ಮೇಯರ್ ಲಾಗಾರ್ಡಿಯಾ ಬೆಳಗಿನ ಜಾವ ಬ್ರಾಂಕ್ಸ್ ಮಾರುಕಟ್ಟೆಗೆ ಹೋಗಿ, ಕಹಳೆ ಊದಿಸಿ, ಸಣ್ಣ ಆರ್ಟಿಚೋಕ್ ಮಾರಾಟವನ್ನೇ ನಿಷೇಧಿಸಿಬಿಟ್ಟ. ಕೆಲವೇ ದಿನಗಳಲ್ಲಿ ರಾಜನ ದರ್ಬಾರು ಮುಗಿಯಿತು, ನಿಷೇಧವೂ ಹೋಯಿತು.

ಜವಾರಿ_ಹುಡುಗ
ನಮ್ಮ ಈರುಳ್ಳಿ ದಲ್ಲಾಳಿಗಳ ಮುಂದೆ ಕಹಳೆ ಊದೋರು ಯಾರೂ ಇಲ್ಲವಲ್ರಿ.

ಪುತ್ತೂರು_ಮಾಣಿ
ಅಷ್ಟೊಂದು ಎಸಳು ಕಿತ್ತು ಹಾಕುತ್ತೀರಲ್ಲ, ಅದನ್ನು ಏನು ಮಾಡುವುದು? ನಮ್ಮಲ್ಲಾದರೆ ದನಕ್ಕೆ.

ಸಾಲಿನಾಸ್_ಸುಬ್ಬಿ
ಮುಳ್ಳು ಕತ್ತರಿಸಿ, ಎಸಳು ಮುಳುಗುವಷ್ಟು ನೀರಲ್ಲಿ ಮುಕ್ಕಾಲು ಗಂಟೆ ಕುದಿಸಿ ಸೋಸಿದರೆ ಒಳ್ಳೆ ಕಟ್ಟು ಬರುತ್ತದೆ. ಸ್ವಲ್ಪ ಕಹಿ ಇರುತ್ತದೆ. ಅದಕ್ಕೆ ಒಂದು ಆಲೂಗಡ್ಡೆ ಬೇಯಿಸಿ ಮಸೆದು ಹಾಕಿ, ಕಾಳುಮೆಣಸಿನ ಪುಡಿ ಉದುರಿಸಿದರೆ ಸೂಪು. ಬೇಳೆ ಸಾರಿಗೂ ನೀರಿನ ಬದಲು ಹಾಕಬಹುದು. ಬೆಂದ ಎಸಳನ್ನು ಚಮಚದಲ್ಲಿ ಕೆರೆದರೆ ತಿರುಳು ಬರುತ್ತದೆ, ಚಪಾತಿ ಹಿಟ್ಟಿಗೆ ಸೇರಿಸಿ. ಆದರೆ ತಾಳ್ಮೆ ಬೇಕು.

ರೋಮ್_ರಾಯರು
ಅದೇ ಕಾಲಹರಣ ಅಂದೆನಲ್ಲ.

ಉಡುಪಿ_ಒಗ್ಗರಣೆ
ನಿಮಗೆ ಮಾರುಕಟ್ಟೆಯವನು ಬಿಡಿಸಿಕೊಡುತ್ತಾನೆ, ಬಿಡಿ. ಉಳಿದವರು ಕಟ್ಟು ಕುದಿಸುತ್ತೇವೆ.

ಕುಪರ್ಟಿನೋ_ಕಾವೇರಿ
ಬೇಯಿಸಿದ್ದು ಎಷ್ಟು ದಿನ ಇಡಬಹುದು? ಮುಂದಿನ ಸಲ ಸಣ್ಣದು ತಂದರೆ ಬಿಡಿಸೋದು ಸುಲಭವಾ? ಸಂತೆಯಲ್ಲಿ ಅದೂ ಚೀಲಗಟ್ಟಲೆ ಇತ್ತು. ಎಳೆಯದು ಅಂತ ಬಿಟ್ಟು ಬಂದೆ.

ಸಾಲಿನಾಸ್_ಸುಬ್ಬಿ
ಬೇಯಿಸಿದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಹಸಿಯದಕ್ಕೆ ದಂಟಿನ ತುದಿ ಸ್ವಲ್ಪ ಕೊಯ್ದು, ನೀರು ಚಿಮುಕಿಸಿ, ಚೀಲದಲ್ಲಿ ಸುತ್ತಿಟ್ಟರೆ ಐದಾರು ದಿನ ಬರುತ್ತದೆ. ತಂದ ದಿನವೇ ಬೇಯಿಸಿದರೆ ಮೇಲು.

ಸಣ್ಣದು ಎಳೆಯದಲ್ಲ. ಅದೇ ಗಿಡದ ಕೆಳಗೆ, ದೊಡ್ಡ ಎಲೆಗಳ ನೆರಳಲ್ಲಿ ಆಗುವ ಮೊಗ್ಗು, ಅಷ್ಟೇ ಬೆಳೆಯೋದು. ಗಿಡದ ನೆತ್ತಿಯದು ದಪ್ಪ, ಕೆಳಕ್ಕೆ ಬಂದ ಹಾಗೆ ಸಣ್ಣ. ಸಣ್ಣದಕ್ಕೆ ಸುಂಕು ಕಟ್ಟಿರಲ್ಲ, ಕೆರೆಯೋ ಕೆಲಸವೇ ಇಲ್ಲ. ನಿಮ್ಮ ಪಲ್ಯಕ್ಕೂ ಬಜ್ಜಿಯವರ ಬಜ್ಜಿಗೂ ಅದೇ ಸರಿ. ಹೊರ ಎಸಳು ನಾಲ್ಕೈದು ಸುತ್ತು ಕಿತ್ತು, ತುದಿ ಕೊಯ್ದು, ಎರಡು ಹೋಳು ಮಾಡಿ ಮಜ್ಜಿಗೆ ನೀರಿಗೆ ಹಾಕಿ. ಕಡಲೆಬೇಳೆ ಉದ್ದಿನಬೇಳೆ ಒಗ್ಗರಣೆಗೆ ತೊಳೆದು ಹಾಕಿ, ನೀರು ಚಿಮುಕಿಸಿ ಮುಚ್ಚಿದರೆ ಹನ್ನೆರಡು ನಿಮಿಷದಲ್ಲಿ ಬೇಯುತ್ತದೆ. ಕಾಯಿತುರಿ ಕೊನೆಗೆ. ಮಾರ್ಚ್‌ನಿಂದ ಮೇವರೆಗೆ ಜೋರು ಸೀಸನ್, ಆಮೇಲೆ ಚಳಿ ಶುರುವಾಗುವ ಮುಂಚೆ ಇನ್ನೊಂದು ಸಣ್ಣ ಸುತ್ತು ಇದೆ. ಆ ಚೀಲ ಮುಂದಿನ ವಾರವೂ ಅಲ್ಲೇ ಇರುತ್ತದೆ, ಹೋಗಿ ತನ್ನಿ.